ಯೇಸುಸ್ವಾಮಿ ಅರ್ಧ ದೇವರು, ಅರ್ಧ ಮನುಷ್ಯ ಅಲ್ಲ



ಈ ಸಲದ ಪಾಠ ಉಳಿತಾಯದ ವಿಷಯವಲ್ಲ, ಬಡ್ಡಿ ಲೆಕ್ಕವೂ ಅಲ್ಲ. ಆದರೆ ಅದು ಹುಟ್ಟಿದ್ದು ಒಂದು ಸಾಲದ ಅರ್ಜಿಯಿಂದಲೇ.

ಇಚಿಲಂಪಾಡಿ ಕಡೆಯ ಒಂದು ಸಂಘದ ವಾರದ ಸಭೆಗೆ ನಾನು ಹೋಗಿದ್ದೆ. ಒಬ್ಬ ಸದಸ್ಯೆ ಮಗಳ ಮದುವೆಗೆ ಸಾಲ ಕೇಳಿದ್ದರು. ಹಣದ ವಿಷಯದಲ್ಲಿ ಯಾರದ್ದೂ ತಕರಾರಿಲ್ಲ. ಹುಡುಗನ ಮನೆಯವರು ಯಾಕೋಬಾಯ ಸಭೆಯವರು ಅಂತ ಗೊತ್ತಾದಾಗ ಮಾತ್ರ ಒಬ್ಬ ಹಿರಿಯ ಚೇಚಿ ಬಾಯಿ ತೆರೆದರು. "ಹುಡುಗ ಒಳ್ಳೆಯವನೇ. ಆದರೆ ಅವರ ಸಭೆಯಲ್ಲಿ ಯೇಸುಸ್ವಾಮಿಯನ್ನು ಮನುಷ್ಯ ಅಂತ ಒಪ್ಪುವುದಿಲ್ಲವಂತೆ. ಅಂಥ ಮನೆಗೆ ಹುಡುಗಿ ಕೊಡ್ಲಿಕ್ಕೆ ಆಗ್ತದಾ?" ತಾಯಿ ತಲೆ ತಗ್ಗಿಸಿದರು. ಅದೇ ಸಂಘದಲ್ಲಿ ಪುಸ್ತಕ ಬರೆಯುವ ಸಹೋದರಿಯೂ ಯಾಕೋಬಾಯ ಸಭೆಯವಳೇ. ಅವಳು ಪೆನ್ನು ಮುಚ್ಚಿಟ್ಟು, "ಹಾಗಾದರೆ ನಾವು ಇಷ್ಟು ವರ್ಷ ಬೇರೆ ಯೇಸುವಿಗಾ ಪ್ರಾರ್ಥನೆ ಮಾಡಿದ್ದು?" ಅಂತ ಕೇಳಿ ಎದ್ದು ಹೋದಳು. ಎರಡು ವಾರ ಸಭೆಗೆ ಬರಲಿಲ್ಲ. ಸಂಘದ ಲೆಕ್ಕ ಹಾಗೆಯೇ ಬಾಕಿ ಉಳಿಯಿತು.

ನಾನು ಆ ಚೇಚಿಯ ಮನೆಗೆ ಹೋಗಿ, ಇದನ್ನು ಯಾರು ಹೇಳಿದರು ನಿಮಗೆ ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವರು ನನ್ನ ಮುಖ ನೋಡಿ, "ನೀವೇ ಅಲ್ಲವಾ ಸಿಸ್ಟರ್, ವೇದಪಾಠದ ಕ್ಲಾಸಿನಲ್ಲಿ ಹೇಳಿದ್ದು!" ಅಂದರು.

ಹೌದು, ನಾನೇ ಹೇಳಿದ್ದು. ಆಗ ನನಗೆ ವಯಸ್ಸು ಚಿಕ್ಕದು. ಹಳೆಯ ಟಿಪ್ಪಣಿ ನೋಡಿಕೊಂಡು ಪಾಠ ಮಾಡುತ್ತಿದ್ದೆ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿಬಿಟ್ಟಿದ್ದೆ. ಈಗ ಅದು ಒಂದು ಹುಡುಗಿಯ ಮದುವೆಗೆ ಅಡ್ಡ ಬಂತು. ಆದ್ದರಿಂದ ಈ ಪಾಠವನ್ನು ನನ್ನ ಸಾಲದ ಮರುಪಾವತಿ ಅಂತ ತಿಳಿದುಕೊಳ್ಳಿ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ ಸಹೋದರಿಯರೂ ಇದ್ದೀರಿ. ನೀವು ಇದನ್ನು ನಂಬಬೇಕು ಅಂತ ಅಲ್ಲ. ಪಕ್ಕದ ಮನೆಯವಳು ಏನು ನಂಬುತ್ತಾಳೆ ಅಂತ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಮುಸ್ಲಿಂ ಸಹೋದರಿಯರಿಗೆ ಈಸಾ ನಬಿ ಮತ್ತು ಅವರ ತಾಯಿ ಮರ್ಯಮ್ ಎಷ್ಟು ಗೌರವದವರು ಅಂತ ನನಗೆ ಗೊತ್ತುಂಟು. ಅವರನ್ನು ದೇವರು ಅಂತ ನೀವು ಒಪ್ಪುವುದಿಲ್ಲ ಅಂತಲೂ ಗೊತ್ತುಂಟು.

ಮೊದಲು ಶುಭಸಂದೇಶ ಏನು ಹೇಳುತ್ತದೆ?

ಯೊವಾನ್ನರ ಶುಭಸಂದೇಶದ ನಾಲ್ಕನೇ ಅಧ್ಯಾಯದಲ್ಲಿ ಒಂದು ಬಾವಿಕಟ್ಟೆ ಉಂಟು. ಮಧ್ಯಾಹ್ನದ ಹೊತ್ತು. ಯೇಸುಸ್ವಾಮಿ ನಡೆದು ನಡೆದು ಸುಸ್ತಾಗಿ ಅಲ್ಲಿ ಕುಳಿತಿದ್ದಾರೆ. ನೀರು ತುಂಬಿಸಲಿಕ್ಕೆ ಬಂದ ಸಮಾರಿಯದ ಹೆಂಗಸಿನ ಹತ್ತಿರ ಕುಡಿಯಲಿಕ್ಕೆ ನೀರು ಕೇಳುತ್ತಾರೆ. ಅವರ ಹತ್ತಿರ ಕೊಡಪಾನವೂ ಇಲ್ಲ, ಹಗ್ಗವೂ ಇಲ್ಲ. ಬೇಸಗೆಯಲ್ಲಿ ಬಾವಿ ತಳ ಕಂಡಾಗ ದೂರದಿಂದ ನೀರು ಹೊತ್ತವರಿಗೆ ಆ ಸುಸ್ತು ಏನು ಅಂತ ಹೇಳಿಕೊಡಬೇಕಾಗಿಲ್ಲ. ಅದೇ ಮನುಷ್ಯ ಆ ಹೆಂಗಸಿಗೆ, ತಾನು ಕೊಡುವ ನೀರು ಕುಡಿದವರಿಗೆ ಎಂದೆಂದಿಗೂ ಬಾಯಾರಿಕೆ ಇಲ್ಲ ಅನ್ನುತ್ತಾರೆ. ನೀರು ಬೇಡಿದವರೇ ಜೀವಜಲ ಕೊಡುವವರು.

ಮಾರ್ಕನ ಶುಭಸಂದೇಶದಲ್ಲಿ ದೋಣಿಯ ಪ್ರಸಂಗವೂ ಹೀಗೆಯೇ. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ಹಿಂದುಗಡೆ ದಿಂಬಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದಾರೆ. ಅದು ನಾಟಕದ ನಿದ್ದೆ ಅಲ್ಲ, ಇಡೀ ದಿವಸ ಜನರ ಮಧ್ಯೆ ದುಡಿದವರ ನಿದ್ದೆ. ಶಿಷ್ಯರು ಎಬ್ಬಿಸಿದಾಗ ಅವರು ಗಾಳಿಗೆ, ಕಡಲಿಗೆ ಗದರುತ್ತಾರೆ, ಎರಡೂ ಸುಮ್ಮನಾಗುತ್ತವೆ. ಮಲಗಿದ್ದವರು ಒಬ್ಬರು, ಗದರಿದವರು ಇನ್ನೊಬ್ಬರು ಅಂತ ಉಂಟಾ? ಇಲ್ಲ.

ಬೆಥಾನಿಯದಲ್ಲಿ ಲಾಜರ ಸತ್ತಾಗ ಅವನ ಸಹೋದರಿಯರಾದ ಮಾರ್ತ ಮತ್ತು ಮರಿಯ ಅಳುತ್ತಿದ್ದರು. ಯೇಸುಸ್ವಾಮಿಯೂ ಅತ್ತರು. ಅತ್ತ ಅದೇ ಗಂಟಲಿನಿಂದ ಸತ್ತವನನ್ನು ಹೊರಗೆ ಕರೆದರು, ಅವನು ಬಂದ. ಅವರು ದೇವರ ಪುತ್ರ ಅಂತ ಆ ದಿವಸ ಬಾಯಿಬಿಟ್ಟು ಹೇಳಿದವಳು ಮಾರ್ತ, ಅಡಿಗೆ ಮನೆಯ ಕೆಲಸಕ್ಕೆ ಹೆಸರಾದವಳು. ನಮ್ಮ ಪ್ರಸಂಗಗಳಲ್ಲಿ ಪೇತ್ರನ ಮಾತು ಬರುವಷ್ಟು ಮಾರ್ತಳ ಮಾತು ಬರುವುದಿಲ್ಲ. ಅದು ನನ್ನದೊಂದು ಹಳೆಯ ದೂರು, ಇರಲಿ.

ಒಂದು ಸಭೆಯಲ್ಲಿ ಒಬ್ಬ ಅಕ್ಕ ನನ್ನನ್ನು ಕೇಳಿದ್ದರು: "ಯೇಸುಸ್ವಾಮಿ ದೇವರಾದರೆ ಆಚಾರಿ ಕೆಲಸ ಅವರಿಗೆ ಕಲಿಯದೆಯೇ ಬಂದಿರಬೇಕಲ್ಲ ಸಿಸ್ಟರ್?" ಒಳ್ಳೆಯ ಪ್ರಶ್ನೆ. ಲೂಕನು ಬರೆಯುವ ಪ್ರಕಾರ ಬಾಲಕ ಯೇಸು ವಯಸ್ಸಿನಲ್ಲಿ ಮಾತ್ರವಲ್ಲ, ಬುದ್ಧಿಯಲ್ಲಿಯೂ ಬೆಳೆದರು. ಬೆಳೆಯುವುದು ಅಂದರೆ ಕಲಿಯುವುದು. ಮರಿಯಮ್ಮನವರು ಮಾತು ಕಲಿಸಿದ್ದಾರೆ, ಜೋಸೆಫರು ಉಳಿ ಹಿಡಿಯಲಿಕ್ಕೆ ಕಲಿಸಿದ್ದಾರೆ. ಬೆರಳಿಗೆ ಸುತ್ತಿಗೆ ಪೆಟ್ಟು ಬಿದ್ದಿರಲೂ ಸಾಕು. ಅವರು ಜನರ ಮಧ್ಯೆ ಬೋಧನೆ ಶುರು ಮಾಡಿದ್ದು ಸುಮಾರು ಮೂವತ್ತನೇ ವಯಸ್ಸಿನಲ್ಲಿ. ಅಲ್ಲಿಯವರೆಗಿನ ಹೆಚ್ಚಿನ ವರ್ಷಗಳು ನಜರೇತಿನ ಮನೆ, ಕೆಲಸ, ಊಟ, ನಿದ್ದೆಯಲ್ಲಿಯೇ ಹೋಗಿವೆ. ಆ ವರ್ಷಗಳನ್ನು ದೇವರು ಸುಮ್ಮನೆ ಕಾದು ಕಳೆದದ್ದಲ್ಲ, ಬದುಕಿದ್ದು.

ಎಲ್ಲಿ ತಪ್ಪಾಗುತ್ತದೆ?

ಒಬ್ಬರೇ ದೇವರೂ ಹೌದು, ಮನುಷ್ಯನೂ ಹೌದು ಅನ್ನುವಾಗ ನಮ್ಮ ಮನಸ್ಸು ಸುಲಭದ ಚಿತ್ರ ಹುಡುಕುತ್ತದೆ. ಕ್ಲಾಸುಗಳಲ್ಲಿ ನಾನು ಕೇಳಿದ ಕೆಲವು ಚಿತ್ರಗಳನ್ನು ಹೇಳುತ್ತೇನೆ. ವಿಚಿತ್ರ ಏನೆಂದರೆ, ಇವುಗಳನ್ನೆಲ್ಲ ಸಾವಿರದೈನೂರು ವರ್ಷಗಳಿಗಿಂತ ಹಿಂದೆಯೇ ದೊಡ್ಡ ದೊಡ್ಡ ಪಂಡಿತರು ಹೇಳಿ, ಧರ್ಮಸಭೆ ಬೇಡ ಅಂದದ್ದಾಗಿದೆ.

ಒಂದು, ಯಕ್ಷಗಾನದ ವೇಷದ ಚಿತ್ರ. ದೇವರು ಮನುಷ್ಯನ ವೇಷ ಹಾಕಿ ಬಂದರು, ಕೆಲಸ ಮುಗಿದ ಮೇಲೆ ಚೌಕಿಗೆ ಹೋಗಿ ಕಳಚಿಟ್ಟರು ಅಂತ. ಕೇಳಲಿಕ್ಕೆ ಚಂದ. ಆದರೆ ವೇಷಕ್ಕೆ ಹಸಿವು ಇಲ್ಲ, ವೇಷಕ್ಕೆ ಮೊಳೆ ಹೊಡೆದರೆ ನೋವಿಲ್ಲ. ಕ್ರೈಸ್ತ ವಿಶ್ವಾಸ ಇದನ್ನು ಮೊದಲ ನೂರು, ನೂರೈವತ್ತು ವರ್ಷಗಳಲ್ಲೇ ತಳ್ಳಿಹಾಕಿತು. ಪುನರುತ್ಥಾನದ ನಂತರವೂ ಯೇಸುಸ್ವಾಮಿ ಶರೀರ ಕಳಚಿಡಲಿಲ್ಲ. ಶಿಷ್ಯರ ಮುಂದೆ ಮೀನು ತಿಂದರು, ತೋಮನಿಗೆ ಗಾಯ ತೋರಿಸಿದರು. ಆ ಗಾಯ ನೋಡಿಯೇ ತೋಮನು ಅವರನ್ನು ಪ್ರಭು, ದೇವರು ಅಂತ ಕರೆದದ್ದು. ಕೇರಳದಿಂದ ಬಂದ ನಮ್ಮ ಕುಟುಂಬಗಳೆಲ್ಲ, ಯಾವ ಸಭೆಯವರೇ ಆಗಲಿ, ತಮ್ಮ ವಿಶ್ವಾಸದ ಮೂಲ ಅಂತ ಹೇಳುವುದು ಈ ತೋಮನನ್ನೇ.

ಎರಡು, ದರ್ಶನದ ಚಿತ್ರ. ಇದು ನಮ್ಮ ತುಳುನಾಡಿಗೆ ಸಹಜ. ನೇಮದ ರಾತ್ರಿ ಒಬ್ಬ ಮನುಷ್ಯನ ಮೈಮೇಲೆ ದೈವ ಬರುತ್ತದೆ, ನುಡಿ ಕೊಡುತ್ತದೆ, ಬೆಳಗಾದ ಮೇಲೆ ಆತ ಮೊದಲಿನ ಹಾಗೆ. ಆ ಆರಾಧನೆ ಮಾಡುವವರ ಭಕ್ತಿಯ ಬಗ್ಗೆ ನಾನು ಇಲ್ಲಿ ಏನೂ ಹೇಳುತ್ತಿಲ್ಲ. ಯೇಸುಸ್ವಾಮಿಯ ಬಗ್ಗೆ ಮಾತ್ರ ಹೇಳುವುದು: ನಜರೇತಿನ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ದೇವರು ಬಂದು ಕುಳಿತದ್ದಲ್ಲ. ಮರಿಯಮ್ಮನವರ ಗರ್ಭದಲ್ಲಿ ಮೊದಲ ಕ್ಷಣದಿಂದ ಇದ್ದವರು ದೇವರ ಪುತ್ರರೇ. ಆದ್ದರಿಂದಲೇ 431ರಲ್ಲಿ ಎಫೆಸ ಎಂಬ ಊರಿನ ಮಹಾಸಭೆ ಮರಿಯಮ್ಮನವರನ್ನು ದೇವರ ಮಾತೆ ಅಂತ ಕರೆಯುವುದೇ ಸರಿ ಎಂದಿತು. ನಾವು ಜಪಸರ ಹಿಡಿದು ಸಲೀಸಾಗಿ ಹೇಳುವ ಈ ಹೆಸರಿನ ಹಿಂದೆ ಯೇಸುವಿನ ಬಗ್ಗೆ ಇಷ್ಟು ದೊಡ್ಡ ಮಾತು ಉಂಟು.

ಮೂರನೆಯದು ಬೆರಕೆಯ ಚಿತ್ರ. ರಬ್ಬರ್ ಹಾಲಿಗೆ ನೀರು ಸೇರಿಸಿ, ಆಸಿಡ್ ಹಾಕಿ ಟ್ರೇಯಲ್ಲಿ ಇಟ್ಟರೆ ಬೆಳಗ್ಗೆಗೆ ಅದು ಹೆಪ್ಪುಗಟ್ಟಿರುತ್ತದೆ. ಒತ್ತಿ ಶೀಟ್ ಮಾಡಿದ ಮೇಲೆ ಅದು ಹಾಲೂ ಅಲ್ಲ, ಆಸಿಡೂ ಅಲ್ಲ, ಮೂರನೆಯದೇ ಒಂದು ವಸ್ತು. ದೇವರು ಮತ್ತು ಮನುಷ್ಯ ಸೇರಿ ಹೀಗೆ ಮೂರನೆಯದೊಂದು ಆಯಿತು ಅಂದರೆ, ಅವರು ನಿಜವಾದ ದೇವರೂ ಅಲ್ಲ, ನಮ್ಮಂಥ ಮನುಷ್ಯನೂ ಅಲ್ಲ. ಅರ್ಧ ಅರ್ಧದ ಲೆಕ್ಕವೂ ಹೀಗೆಯೇ. ನಾಲ್ಕನೇ ಶತಮಾನದಲ್ಲಿ ಅಪೊಲಿನಾರಿಸ್ ಎಂಬ ಧರ್ಮಾಧ್ಯಕ್ಷರು, ಯೇಸುವಿಗೆ ಶರೀರ ಮನುಷ್ಯನದ್ದು, ಆದರೆ ಮನುಷ್ಯನ ಬುದ್ಧಿ ಇರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ ಇತ್ತು ಅಂತ ಕಲಿಸಿದರು. ಅದಕ್ಕೆ ಸಂತ ಗ್ರೆಗೊರಿ ನಾಸಿಯಾನ್ಸನರು ಕೊಟ್ಟ ಉತ್ತರದ ಸಾರ ಇದು: ಕ್ರಿಸ್ತರು ನಮ್ಮದರಲ್ಲಿ ಯಾವುದನ್ನು ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯುತ್ತದೆ. ನನಗೆ ಇದು ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ನಮಗೆ ಕಾಯಿಲೆ ಬರುವುದು ಶರೀರಕ್ಕೆ ಮಾತ್ರವಾ? ಗಂಡನ ಕುಡಿತ, ಬ್ಯಾಂಕಿನ ನೋಟೀಸು, ಮದುವೆಯಾಗದ ಮಗಳು, ಇದೆಲ್ಲ ತಿನ್ನುವುದು ಮನಸ್ಸನ್ನು. ಯೇಸುಸ್ವಾಮಿಗೆ ಮನುಷ್ಯನ ಮನಸ್ಸೇ ಇರಲಿಲ್ಲ ಅಂದರೆ, ಗೆತ್ಸೆಮನೆ ತೋಟದಲ್ಲಿ ಅವರು ಬೆವರಿದ್ದು ಏತಕ್ಕೆ? ಆ ರಾತ್ರಿ ಅವರಿಗೆ ನಿಜವಾದ ಹೆದರಿಕೆ ಇತ್ತು. ಕಷ್ಟ ದೂರವಾಗಲಿ ಅಂತ ಬೇಡಿದರು, ಮತ್ತೆ ತಂದೆಯ ಇಚ್ಛೆಗೆ ಒಪ್ಪಿದರು. ಹೆದರಿಕೆ ಬಂದದ್ದಕ್ಕೆ ವಿಶ್ವಾಸ ಕಡಿಮೆ ಅಂತ ನಿಮ್ಮನ್ನು ಯಾರಾದರೂ ಗದರಿದರೆ ಈ ತೋಟವನ್ನು ನೆನಪು ಮಾಡಿಕೊಡಿ.

ದೇವರು ಅನ್ನುವ ಕಡೆಯಲ್ಲಿಯೂ ಕಡಿತ ಮಾಡಿದವರಿದ್ದರು. ಅಲೆಕ್ಸಾಂದ್ರಿಯದ ಅರಿಯುಸ್ ಎಂಬ ಗುರು, ಪುತ್ರರು ತಂದೆ ಸೃಷ್ಟಿಸಿದವರಲ್ಲಿ ಮೊದಲನೆಯವರು ಅಷ್ಟೇ ಎಂದರು. 325ರಲ್ಲಿ ನೈಸಿಯ ಮಹಾಸಭೆ ಅದನ್ನು ಒಪ್ಪಲಿಲ್ಲ. ಭಾನುವಾರ ಬಲಿಪೂಜೆಯಲ್ಲಿ ನಾವು ಹೇಳುವ ವಿಶ್ವಾಸಪ್ರಮಾಣದ ಬೇರು ಆ ಸಭೆ. 2025ಕ್ಕೆ ಅದಕ್ಕೆ 1700 ವರ್ಷ ತುಂಬಿತು. ಆ ವರ್ಷದ ನವೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಟರ್ಕಿ ದೇಶದ ಆ ಊರಿಗೇ ಹೋಗಿ ಬೇರೆ ಸಭೆಗಳ ಮುಖ್ಯಸ್ಥರೊಂದಿಗೆ ಪ್ರಾರ್ಥನೆ ಮಾಡಿದರು. ನೈಸಿಯವನ್ನು ನಾವೂ ಒಪ್ಪುತ್ತೇವೆ, ಯಾಕೋಬಾಯರೂ ಒಪ್ಪುತ್ತಾರೆ, ಆರ್ಥೊಡಾಕ್ಸ್, ಮಾರ್ತೋಮ, ಸಿ.ಎಸ್.ಐ. ಎಲ್ಲರೂ ಒಪ್ಪುತ್ತಾರೆ.

ಹಾಗಾದರೆ ಜಗಳ ಎಲ್ಲಿ ಬಂತು?

ಜಗಳ ಬಂದದ್ದು 451ರಲ್ಲಿ, ಕಾಲ್ಸೆದೋನ್ ಮಹಾಸಭೆಯಲ್ಲಿ. ಆ ಜಾಗ ಈಗ ಇಸ್ತಾಂಬುಲ್ ನಗರದೊಳಗೆ ಸೇರಿಹೋಗಿದೆ. ಅದಕ್ಕೆ ಮೊದಲು ಯೂತಿಕೆಸ್ ಎಂಬ ಮುದುಕ ಸನ್ಯಾಸಿ, ಕ್ರಿಸ್ತರ ಮನುಷ್ಯತ್ವ ಅವರ ದೇವತ್ವದಲ್ಲಿ ಕರಗಿಹೋಯಿತು ಎಂಬ ಅರ್ಥ ಬರುವ ಹಾಗೆ ಮಾತಾಡಿದ್ದರು, ಕಡಲಿಗೆ ಬಿದ್ದ ಹನಿಯ ಹಾಗೆ. ಅದಕ್ಕೆ ಮಹಾಸಭೆ, ಕ್ರಿಸ್ತರು ಒಬ್ಬರೇ, ಆದರೆ ಅವರು ಎರಡು ಸ್ವಭಾವಗಳಲ್ಲಿ ಇದ್ದಾರೆ ಎಂದು ತೀರ್ಮಾನ ಮಾಡಿತು. ಎರಡೂ ಒಂದರೊಳಗೊಂದು ಕಲಸಿಹೋಗುವುದಿಲ್ಲ, ಒಂದು ಇನ್ನೊಂದಾಗಿ ಮಾರ್ಪಡುವುದಿಲ್ಲ. ಅವನ್ನು ತುಂಡು ಮಾಡಲಿಕ್ಕೂ ಆಗುವುದಿಲ್ಲ, ದೂರ ದೂರ ಇಡಲಿಕ್ಕೂ ಆಗುವುದಿಲ್ಲ. ಗಮನಿಸಿ, ನಾಲ್ಕೂ "ಇಲ್ಲ" ಎಂಬ ಮಾತುಗಳೇ. ಅದು ತೋಟದ ಸುತ್ತ ಹಾಕಿದ ಬೇಲಿಯ ಹಾಗೆ. ಇದರಿಂದ ಹೊರಗೆ ಹೋಗಬೇಡಿ ಅಂತ ಹೇಳಿತು, ಒಳಗಿನ ಗುಟ್ಟು ಬಿಡಿಸಲಿಲ್ಲ.

ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷ ದಿಯೊಸ್ಕೋರುಸರು ಮತ್ತು ಅವರ ಕಡೆಯವರು, ನಂತರ ಸಿರಿಯ, ಅರ್ಮೇನಿಯ, ಇಥಿಯೋಪಿಯದ ಸಭೆಗಳು ಇದನ್ನು ಒಪ್ಪಲಿಲ್ಲ. ಯಾಕೆ? ಇಲ್ಲಿ ನಮ್ಮ ಕನ್ನಡವೇ ನಮಗೆ ಸಹಾಯ ಮಾಡುತ್ತದೆ. "ಆ ಮನುಷ್ಯನಿಗೆ ಎರಡು ಸ್ವಭಾವ" ಅಂತ ನಾನು ಹೇಳಿದರೆ ನಿಮಗೆ ಏನು ಅನಿಸುತ್ತದೆ? ಎದುರಿಗೆ ಒಂದು, ಹಿಂದೆ ಒಂದು, ನಂಬಲಿಕ್ಕೆ ಆಗದ ಜನ ಅಂತ ತಾನೇ? ಸ್ವಭಾವ ಅಂದರೆ ಪಾಠದ ಪುಸ್ತಕದಲ್ಲಿ ಒಂದು ಅರ್ಥ, ಅಂಗಳದ ಮಾತಿನಲ್ಲಿ ಇನ್ನೊಂದು ಅರ್ಥ. ಅವರು ಬಳಸುತ್ತಿದ್ದ ಗ್ರೀಕ್ ಪದ "ಫಿಸಿಸ್" ಕೂಡ ಹಾಗೆಯೇ. ಕಾಲ್ಸೆದೋನಿನವರಿಗೆ ಅದು, ಒಂದು ವಸ್ತು ಏನಾಗಿದೆ ಎಂಬುದು: ದೇವರಾಗಿರುವುದು, ಮನುಷ್ಯನಾಗಿರುವುದು. ಅಲೆಕ್ಸಾಂದ್ರಿಯದವರಿಗೆ ಅದು ಹೆಚ್ಚು ಕಡಿಮೆ, ನಿಜವಾಗಿ ಇರುವ ಒಬ್ಬ ವ್ಯಕ್ತಿ. ಅವರ ಕಿವಿಗೆ "ಎರಡು ಫಿಸಿಸ್" ಅಂದರೆ ಇಬ್ಬರು ಕ್ರಿಸ್ತರು ಅಂತ ಕೇಳಿಸಿತು. ಆದ್ದರಿಂದ ಅವರು, ಮನುಷ್ಯರಾದ ದೇವವಾಕ್ಯದ ಫಿಸಿಸ್ ಒಂದೇ ಎಂಬ ಸಂತ ಸಿರಿಲರ ಮಾತನ್ನು ಗಟ್ಟಿಯಾಗಿ ಹಿಡಿದರು. ಈ ಸಿರಿಲರು ನಮಗೂ ಸಂತರೇ. ಅವರು ಕೊಡುತ್ತಿದ್ದ ಉದಾಹರಣೆ ಕಮ್ಮಾರನ ಕುಲುಮೆಯದ್ದು. ಕಾದು ಕೆಂಪಾದ ಕಬ್ಬಿಣ ಬೆಂಕಿಯ ಹಾಗೆ ಸುಡುತ್ತದೆ, ಆದರೂ ಕಬ್ಬಿಣವಾಗಿಯೇ ಇರುತ್ತದೆ. ಇಲ್ಲಿ ಬೆಂಕಿ, ಇಲ್ಲಿ ಕಬ್ಬಿಣ ಅಂತ ಕತ್ತಿಯನ್ನು ಬೇರೆ ಮಾಡಲಿಕ್ಕೆ ಆಗುವುದಿಲ್ಲ.

ಇನ್ನೊಂದು ಮಾತು ನನ್ನ ಹಳೆಯ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಮನುಷ್ಯತ್ವ ಕರಗಿಹೋಯಿತು ಎಂದ ಯೂತಿಕೆಸನನ್ನು ಸಿರಿಯನ್ ಆರ್ಥೊಡಾಕ್ಸ್ ಸಭೆಯವರೂ ತಿರಸ್ಕರಿಸುತ್ತಾರೆ. ಅಂದರೆ ನಾನು ಕ್ಲಾಸಿನಲ್ಲಿ ಅವರ ಮೇಲೆ ಹೊರಿಸಿದ ತಪ್ಪು ಅವರು ಮಾಡಿಯೇ ಇಲ್ಲದ ತಪ್ಪು. ಜಗಳ ಉಳಿಯಲಿಕ್ಕೆ ಮಾತಿನ ಗೊಂದಲ ಮಾತ್ರವಲ್ಲ, ಚಕ್ರವರ್ತಿಗಳ ಒತ್ತಾಯ, ದೊಡ್ಡ ಪಟ್ಟಣಗಳ ಪೈಪೋಟಿ, ಗಡೀಪಾರು ಇವೂ ಕಾರಣ.

ನಮ್ಮ ಕಡೆಗೆ ಇದು ಹೇಗೆ ಬಂತು?

ಕೇರಳದ ಹಳೆಯ ಕ್ರೈಸ್ತರಿಗೆ ಹದಿನಾರನೇ ಶತಮಾನದವರೆಗೆ ಧರ್ಮಾಧ್ಯಕ್ಷರು ಬರುತ್ತಿದ್ದದ್ದು ಪರ್ಷಿಯಾ ಕಡೆಯ ಪೂರ್ವದ ಸಭೆಯಿಂದ. ಆ ಸಭೆ ಕ್ರಿಸ್ತರ ದೇವತ್ವವನ್ನೂ ಮನುಷ್ಯತ್ವವನ್ನೂ ಬೇರೆ ಬೇರೆ ಮಾಡುತ್ತದೆ ಎಂದು ಪೋರ್ಚುಗೀಸರು ದೂರಿದರು. 1599ರಲ್ಲಿ ಉದಯಂಪೇರೂರಿನಲ್ಲಿ ಸಭೆ ಕರೆದು ಅವರ ಪುಸ್ತಕಗಳನ್ನು ತಿದ್ದಿದರು, ಎಷ್ಟನ್ನೋ ಸುಟ್ಟರು. 1653ರಲ್ಲಿ ಮಟ್ಟಾಂಚೇರಿಯ ಕೂನನ್ ಶಿಲುಬೆಯ ಹತ್ತಿರ ಒಂದು ದೊಡ್ಡ ಗುಂಪು ಪೋರ್ಚುಗೀಸರ ಅಧಿಕಾರ ಬೇಡ ಎಂದು ಪ್ರತಿಜ್ಞೆ ಮಾಡಿತು. ಅವರಲ್ಲಿ ಒಂದು ಪಾಲಿಗೆ 1665ರಲ್ಲಿ ಅಂತಿಯೋಕ್ಯದ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಸಂಪರ್ಕ ಆಯಿತು. ಆಗ ಅವರ ಮೇಲೆ ದೂರು ತಿರುವುಮುರುವಾಯಿತು, ಇವರು ಎರಡನ್ನೂ ಬೆರೆಸಿಬಿಟ್ಟರು ಅಂತ! ಒಂದೇ ಜನ. ಅಜ್ಜನ ಕಾಲದಲ್ಲಿ ಬೇರೆ ಮಾಡಿದವರು, ಮೊಮ್ಮಗನ ಕಾಲದಲ್ಲಿ ಬೆರೆಸಿದವರು. ಆ ಹೆಂಗಸರು ಅಡಿಗೆ ಮನೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆ ಅಷ್ಟರಲ್ಲಿ ಬದಲಾಗಿದೆ ಅಂತ ನನಗಂತೂ ಅನಿಸುವುದಿಲ್ಲ.

1950ರ ನಂತರದ ವರ್ಷಗಳಲ್ಲಿ ಕೇರಳದಿಂದ ಕುಟುಂಬಗಳು ನಮ್ಮ ಘಟ್ಟದ ಬುಡಕ್ಕೆ ಬಂದು ಕಾಡು ಜಾಗ ಮಾಡಿ, ರಬ್ಬರ್, ಕಾಳುಮೆಣಸು ಹಾಕಿದವು. ಜೊತೆಗೆ ತಮ್ಮ ತಮ್ಮ ಸಭೆಗಳನ್ನೂ ತಂದವು. ಸೀರೋ ಮಲಬಾರ್ ಕ್ಯಾಥೋಲಿಕರಿಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಆಯಿತು. 1930ರಲ್ಲಿ ಮಾರ್ ಇವಾನಿಯೋಸರೊಂದಿಗೆ ರೋಮಿನ ಐಕ್ಯಕ್ಕೆ ಬಂದ ಮಲಂಕರ ಕ್ಯಾಥೋಲಿಕರಿಗೆ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯ ಆಯಿತು. ಕಡಬ, ನೆಲ್ಯಾಡಿ, ಇಚಿಲಂಪಾಡಿ ಸುತ್ತಮುತ್ತ ಯಾಕೋಬಾಯ, ಆರ್ಥೊಡಾಕ್ಸ್ ಕುಟುಂಬಗಳೂ ಇದ್ದಾವೆ. ಕೊಂಕಣಿ ಕ್ಯಾಥೋಲಿಕರು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಹೊರಗಿನವರಿಗೆ ತಲೆ ತಿರುಗುತ್ತದೆ, ನಮಗೇ ಕೆಲವೊಮ್ಮೆ ತಿರುಗುತ್ತದೆ.

ಸಭೆ ಬೇರೆಯಾಗುವುದು ಯಾವಾಗಲೂ ವಿಶ್ವಾಸದ ಕಾರಣದಿಂದ ಅಂತ ತಿಳಿಯಬೇಡಿ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು ಇದ್ದಾರೆ. ಅವರ ಹಿರಿಯರು ಗೋವಾ ಕಡೆಯ ಆಡಳಿತದಲ್ಲಿದ್ದ ಕ್ಯಾಥೋಲಿಕರು. 1886ರಲ್ಲಿ ರೋಮಿಗೂ ಪೋರ್ಚುಗಲಿಗೂ ಒಪ್ಪಂದವಾಗಿ ಆಡಳಿತ ಬದಲಾದಾಗ ಕೆಲವರು ಒಪ್ಪಲಿಲ್ಲ. ಗೋವಾದ ಗುರು ಅಲ್ವಾರೆಸರು 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯೋಸ್ ಎಂಬ ಹೆಸರಿನಲ್ಲಿ ಧರ್ಮಾಧ್ಯಕ್ಷರಾದರು, ಬ್ರಹ್ಮಾವರದಲ್ಲಿ ಫಾದರ್ ನೊರೊನ್ಹಾ ಅವರು ಜನರನ್ನು ನೋಡಿಕೊಂಡರು. ಜಗಳ ಇದ್ದದ್ದು ಯಾರ ಆಡಳಿತ ಎಂಬುದರಲ್ಲಿ. ಯೇಸುಸ್ವಾಮಿ ಯಾರು ಎಂಬುದರಲ್ಲಿ ಅಲ್ಲ.

ಬರಹದಲ್ಲಿ ಆದ ಒಪ್ಪಂದ

ಕಳೆದ ಶತಮಾನದಲ್ಲಿ ಎರಡೂ ಕಡೆಯ ವಿದ್ವಾಂಸರು ಕುಳಿತು ಹಳೆಯ ಪತ್ರಗಳನ್ನು ಮತ್ತೆ ಓದಿದರು. ನಮ್ಮ ದೇಶದ ಆರ್ಥೊಡಾಕ್ಸ್ ಗುರುಗಳಾದ ಪೌಲೋಸ್ ಮಾರ್ ಗ್ರೆಗೋರಿಯೋಸ್ ಮತ್ತು ಫಾದರ್ ವಿ.ಸಿ. ಸಾಮುವೇಲ್ ಅದರಲ್ಲಿ ಮುಖ್ಯರು. ಸಾಮುವೇಲರು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಮಾಡಿದವರು. ಕಾಲ್ಸೆದೋನ್ ಮಹಾಸಭೆಯನ್ನೇ ಮರುಪರಿಶೀಲನೆ ಮಾಡುವ ಅವರ ಪುಸ್ತಕ 1977ರಲ್ಲಿ ಬಂತು.

1984ರ ಜೂನ್ 23ರಂದು ರೋಮಿನಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಮತ್ತು ಸಿರಿಯನ್ ಆರ್ಥೊಡಾಕ್ಸ್ ಸಭೆಯ ಪಾತ್ರಿಯಾರ್ಕ ಮೊದಲನೇ ಝಕ್ಕಾ ಅವರು ಒಂದು ಘೋಷಣೆಗೆ ಸಹಿ ಹಾಕಿದರು. ಈ ಪಾತ್ರಿಯಾರ್ಕರೇ ನಮ್ಮ ಯಾಕೋಬಾಯ ಕುಟುಂಬಗಳ ಪರಮಾಧ್ಯಕ್ಷರಾಗಿದ್ದವರು. ಜಾನ್ ಪಾಲರನ್ನು ನಿಮ್ಮಲ್ಲಿ ಹಿರಿಯರು 1986ರಲ್ಲಿ ಮಂಗಳೂರಿಗೆ ಬಂದಾಗ ನೋಡಿರಬಹುದು. ದೇವರ ಪುತ್ರರು ಮನುಷ್ಯರಾದ ವಿಷಯದಲ್ಲಿ ಎರಡು ಸಭೆಗಳ ವಿಶ್ವಾಸ ಒಂದೇ, ಹಿಂದಿನ ಒಡಕು ಪದಗಳ ಮತ್ತು ಸಂಸ್ಕೃತಿಯ ವ್ಯತ್ಯಾಸದಿಂದ ಬಂದದ್ದು ಎಂಬುದು ಅದರ ತಿರುಳು. ಅಲ್ಲಿಗೇ ನಿಲ್ಲಲಿಲ್ಲ. ಸ್ವಂತ ಸಭೆಯ ಗುರುಗಳು ಸಿಗದ ಪರಿಸ್ಥಿತಿಯಲ್ಲಿ ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗವನ್ನು ಇನ್ನೊಂದು ಸಭೆಯ ಗುರುಗಳಿಂದ ಕೇಳಿ ಪಡೆಯಬಹುದು ಎಂದೂ ಒಪ್ಪಿದರು. ಮಳೆಗಾಲದ ರಾತ್ರಿ ಮನೆಯಲ್ಲಿ ಕೊನೆಯುಸಿರು ಎಳೆಯುವವರು ಇರುವಾಗ ಇದು ಸಣ್ಣ ವಿಷಯ ಅಲ್ಲ.

ಕೊಟ್ಟಾಯಂ ಕೇಂದ್ರವಾಗಿರುವ ಮಲಂಕರ ಆರ್ಥೊಡಾಕ್ಸ್ ಸಭೆಯೊಂದಿಗೆ 1990ರ ಜೂನ್ 3ರಂದು ಕ್ರಿಸ್ತರ ಬಗ್ಗೆ ಜಂಟಿ ಹೇಳಿಕೆ ಪ್ರಕಟವಾಯಿತು. ಅದೂ ಅದನ್ನೇ ಹೇಳುತ್ತದೆ: ಪೂರ್ಣ ದೇವರು, ಪೂರ್ಣ ಮನುಷ್ಯ, ಒಬ್ಬರೇ ಕ್ರಿಸ್ತರು. 1994ರಲ್ಲಿ ಪೂರ್ವದ ಸಭೆಯೊಂದಿಗೂ ಇಂಥದೇ ಘೋಷಣೆ ಆಯಿತು.

ಬಾಕಿ ಇರುವ ಭಿನ್ನಾಭಿಪ್ರಾಯಗಳನ್ನು ನಾನು ಮುಚ್ಚಿಡುವುದಿಲ್ಲ. ಜಗದ್ಗುರುಗಳ ಅಧಿಕಾರ ಎಷ್ಟು ಎಂಬ ವಿಷಯದಲ್ಲಿ ನಾವು ಇನ್ನೂ ಬೇರೆಯೇ. ಯಾಕೋಬಾಯ ಮತ್ತು ಆರ್ಥೊಡಾಕ್ಸರ ನಡುವೆ ಚರ್ಚುಗಳ ವಿಷಯದಲ್ಲಿ ಕೋರ್ಟು ಕಚೇರಿಯೂ ನಡೆದಿದೆ. ಆದರೆ ಇದು ಯಾವುದೂ "ಅವರ ಯೇಸು ಬೇರೆ" ಎಂಬುದಕ್ಕೆ ಕಾರಣವಾಗುವುದಿಲ್ಲ.

ಸಂಘದಲ್ಲಿ ಏನಾಯಿತು?

ನಾನು ಮೊದಲು ಹೋದದ್ದು ಪುಸ್ತಕ ಬರೆಯುವ ಸಹೋದರಿಯ ಮನೆಗೆ. ತಪ್ಪು ಚೇಚಿಯದ್ದಲ್ಲ, ನನ್ನದು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಮತ್ತೆ ಕಟ್ಟಂಚಾಯ ತಂದಿಟ್ಟಳು. "ನಮ್ಮ ಅಮ್ಮಚ್ಚಿ ಸಾಯುವಾಗ ಯೇಸುವೇ ಅಂತ ಕರೆದದ್ದು ಸಿಸ್ಟರ್, ಎಷ್ಟು ಸ್ವಭಾವ ಅಂತ ಲೆಕ್ಕ ಹಾಕಿ ಕರೆದದ್ದಲ್ಲ" ಅಂದಳು. ನನ್ನ ಇಷ್ಟು ಓದಿಗೆ ಅದಕ್ಕೆ ಉತ್ತರ ಇರಲಿಲ್ಲ. ಮುಂದಿನ ಸೋಮವಾರ ಅವಳು ಸಭೆಗೆ ಬಂದಳು. ಈ ಪಾಠವನ್ನು ನಾನು ಅಲ್ಲಿ ಎಲ್ಲರ ಎದುರು ಬಾಯಿಯಲ್ಲಿ ಹೇಳಿದೆ. ಚೇಚಿ ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. "ನೋಡುವಾ" ಅಂದರು. ಆದರೆ ಸಾಲದ ಅರ್ಜಿಗೆ ಜಾಮೀನು ಸಹಿ ಹಾಕಿದ್ದು ಅವರೇ.

ಇಂಥ ಮದುವೆಯ ಮಾತು ನಿಮ್ಮ ಮನೆಯಲ್ಲಿಯೂ ಬಂದರೆ ಹೆದರಬೇಡಿ, ಅಡಗಿಸಲೂ ಬೇಡಿ. ಯಾಕೋಬಾಯ ಸಭೆ ಮತ್ತು ಕ್ಯಾಥೋಲಿಕ್ ಸಭೆಯ ಮಧ್ಯೆ ಮದುವೆಯ ಬಗ್ಗೆ 1994ರಲ್ಲಿ ಒಪ್ಪಂದ ಆಗಿದೆ. ಎರಡೂ ಕಡೆಯ ಧರ್ಮಾಧ್ಯಕ್ಷರ ಅನುಮತಿ ಪಡೆದು, ಇಬ್ಬರೂ ತಮ್ಮ ತಮ್ಮ ಸಭೆಯಲ್ಲೇ ಉಳಿದು ಮದುವೆಯಾಗಬಹುದು. ಆರ್ಥೊಡಾಕ್ಸ್ ಸಭೆಯೊಂದಿಗೆ ಇಂಥ ಒಪ್ಪಂದ ಆಗಿಲ್ಲ, ಅಲ್ಲಿ ಪ್ರತಿಯೊಂದು ಪ್ರಕರಣವನ್ನೂ ಬೇರೆಯಾಗಿ ನೋಡುತ್ತಾರೆ. ಯಾವುದೇ ಆದರೂ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ. ಹಾಲ್ ಬುಕ್ ಮಾಡುವ ಮೊದಲು, ಕಾಗದ ಅಚ್ಚು ಹಾಕಿಸುವ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತಾಡಿ. ಜ್ಞಾನಸ್ನಾನದ ಸರ್ಟಿಫಿಕೇಟ್ ಜೊತೆಗೆ ತೆಗೆದುಕೊಂಡು ಹೋಗಿ.